ಅಣ್ಣನಿಗೆ, ಹಿತ್ತಲ ಡೆಕ್ ಬಗ್ಗೆ

ಅಣ್ಣ,

ನಮ್ಮ ಹಿತ್ತಲಲ್ಲಿ ಕಟ್ಟಿದ ಡೆಕ್ಕಿನ ಫೋಟೋ ನೋಡಿ ಅಪ್ಪಾಜಿ "ಮರದ ಜಗಲಿಗೆ ಎಷ್ಟು ದುಡ್ಡು ಸುರಿದ್ರಂತೆ" ಅಂತ ಕೇಳಿದರಂತೆ. ಅತ್ತಿಗೆ ಹೇಳಿದರು. ನೀನೂ ಮಂಡ್ಯದ ಮನೆ ಹಿತ್ತಲಲ್ಲಿ ಅಂಥದ್ದೇ ಒಂದು ಮಾಡಿಸೋಣ ಅಂತಿದ್ದೀಯಂತೆ. ಫೋನಲ್ಲಿ ಇಷ್ಟೆಲ್ಲ ಹೇಳೋಕಾಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಇಲ್ಲಿ ಅಮೆರಿಕದಲ್ಲಿ ಕಂಟ್ರಾಕ್ಟರ್ ಒಬ್ಬ ಬಂದು ನೋಡಿ 6000 ಡಾಲರ್ ಮೇಲಾಗುತ್ತೆ ಅಂದ. ಅದರಲ್ಲಿ ಮುಕ್ಕಾಲು ಪಾಲು ಕೂಲಿಯೇ. ಈ ದೇಶದಲ್ಲಿ ಮರ ಪರವಾಗಿಲ್ಲ, ಕೈಕೆಲಸಕ್ಕೇ ರೇಟು ಜಾಸ್ತಿ. ಹಾಗಾಗಿ ನಾನೂ ಇವರೂ ಸೇರಿ ಶನಿವಾರ ಭಾನುವಾರ ಕೂತು ಮಾಡಿದೆವು, ಒಟ್ಟು ಖರ್ಚು 1300 ಡಾಲರ್ ಒಳಗೇ ಮುಗಿಯಿತು. ಪ್ಲಾಸ್ಟಿಕ್ ಬೆರೆಸಿದ ಕಾಂಪೋಸಿಟ್ ಹಲಗೆ ಸಿಗುತ್ತೆ, ನೋಡೋಕೂ ಚೆಂದ, ಆದರೆ ಮರಕ್ಕಿಂತ ದುಪ್ಪಟ್ಟಿಗೂ ಮೇಲೆ. ಆ ಕಡೆ ತಿರುಗಿಯೂ ನೋಡಲಿಲ್ಲ.

ಎತ್ತರ ಕಮ್ಮಿ ಇಟ್ಟಿದ್ದರಿಂದಲೂ ದುಡ್ಡು ಉಳಿಯಿತು. ನಾರ್ತ್ ಕ್ಯಾರೊಲೈನಾದ ಈ ಕಡೆ ನೆಲ ಹೆಚ್ಚು ಆಳಕ್ಕೆ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಆಳದ ಪಾಯ ತೋಡಲಿಲ್ಲ. ನಮ್ಮ ಡೆಕ್ಕು ನೆಲದಿಂದ ಒಂದು ಅಡಿ ಕೂಡ ಮೇಲಿಲ್ಲ, ಮನೆ ಗೋಡೆಗೂ ಅಂಟಿಸಿಲ್ಲ, ಸುಮ್ನೆ ಕಾಂಕ್ರೀಟ್ ಬ್ಲಾಕ್‌ಗಳ ಮೇಲೆ ಕೂತಿದೆ. 30 ಇಂಚು ದಾಟಿದರೆ ಸುತ್ತ ಕಟಾಂಜನ ಕಟ್ಟಲೇಬೇಕು. ಎತ್ತರ ಹೆಚ್ಚಿದ ಹಾಗೆ ಮೆಟ್ಟಿಲು, ಕಂಬಕ್ಕೆ ಗುಂಡಿ, ಕಾಂಕ್ರೀಟ್ ಅಂತ ಖರ್ಚೂ ಏರುತ್ತೆ. ತಗ್ಗಾಗಿ, ಬಿಡಿಯಾಗಿ, 200 ಚದರಡಿ ಒಳಗಿದ್ದರೆ ಎಷ್ಟೋ ಊರುಗಳಲ್ಲಿ ಪರ್ಮಿಟ್ಟೂ ಬೇಕಾಗಲ್ಲ. ಕೇಳಿಕೊಂಡೇ ಶುರು ಮಾಡಿದೆವು. ನಮ್ಮದು 12 ಅಡಿಗೆ 12 ಅಡಿ. ಅಂಗಡಿಯಲ್ಲಿ 12 ಅಡಿ ಉದ್ದದ ಹಲಗೆಯೂ ಸಿಗುತ್ತೆ, ಹಾಗಾಗಿ ಕುಯ್ದು ಬಿಸಾಡೋ ತುಂಡು ಕಮ್ಮಿ.

ಇಲ್ಲಿ ಅಗೆಯೋಕೆ ಮುಂಚೆ 811 ನಂಬರಿಗೆ ಫೋನ್ ಮಾಡಬೇಕು. ಪುಕ್ಕಟೆ. ಅವರು ಬಂದು ಗ್ಯಾಸ್ ಪೈಪ್ ಇರುವ ಕಡೆ ಹಳದಿ, ಕರೆಂಟ್ ಇರುವ ಕಡೆ ಕೆಂಪು ಬಣ್ಣ ಹಾಕಿ ಹೋಗುತ್ತಾರೆ. ನಮ್ಮೂರಲ್ಲಿ ನೀರಿನ ಪೈಪ್ ಎಲ್ಲಿದೆ ಅಂತ ಗೊತ್ತಾಗೋದು ಹಾರೆ ಬಿದ್ದ ಮೇಲೇ!

ಹುಲ್ಲು ಕೆತ್ತಿ, ಕಳೆ ಬರದ ಹಾಗೆ ಬಟ್ಟೆ ಹಾಸಿ, ಮೇಲೆ ಜಲ್ಲಿ ಸುರಿದೆವು. ಮೂಲೆ ಸರಿಯಾಗಿದೆಯಾ ಅಂತ ನೋಡೋಕೆ ನಮ್ಮ ಗಾರೆಯವರು ದಾರ ಹಿಡಿದು ಮೂರು, ನಾಲ್ಕು, ಐದು ಅಡಿ ಅಳೆಯುತ್ತಿದ್ದರಲ್ಲ, ಅದನ್ನೇ ಮಾಡಿದೆ. ಇವರು ರಸಮಟ್ಟ ಇಟ್ಟುಕೊಂಡು ಒಂದೊಂದು ಬ್ಲಾಕಿಗೂ ಒದ್ದಾಡಿದರು. ಬೇಜಾರಿನ ಕೆಲಸ ಅಂದರೆ ಇದೇ, ಆದರೆ ಇಲ್ಲಿ ಅವಸರ ಮಾಡಿದರೆ ಮೇಲಿನದೆಲ್ಲ ವಾಲುತ್ತೆ.

ಬ್ಲಾಕಿನ ಮೇಲೆ ಅಡ್ಡ ತೊಲೆ, ಹದಿನಾರು ಇಂಚಿಗೊಂದು. ತೊಲೆ ಕೊಳ್ಳುವಾಗ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಬೇಕು, ಅಪ್ಪಾಜಿ ನೇಗಿಲ ಮರ ನೋಡುವ ಹಾಗೆ. ಸ್ವಲ್ಪ ಬಿಲ್ಲಿನಂತೆ ಬಾಗಿದ್ದರೆ ಉಬ್ಬು ಮೇಲಕ್ಕೆ ಬರುವಂತೆ ಇಡಬೇಕು, ಭಾರಕ್ಕೆ ತಾನೇ ನೇರವಾಗುತ್ತೆ. ತಿರುಚಿಕೊಂಡಿದ್ದರೆ ಮಾತ್ರ ಬೇಡವೇ ಬೇಡ. ಅಂಗಡಿಯವರ ಮುಖ ನೋಡದೆ ರಾಶಿಯೆಲ್ಲ ಕೆದಕಿ ಆರಿಸಿಕೊಂಡೆ.

ಮರ ಪೈನ್. ಹುಳ ಹಿಡಿಯದ ಹಾಗೆ, ಕೊಳೆಯದ ಹಾಗೆ ಔಷಧಿ ನುಗ್ಗಿಸಿರುತ್ತಾರೆ. 2003ರ ತನಕ ಮನೆ ಕೆಲಸದ ಮರಕ್ಕೂ ಆರ್ಸೆನಿಕ್ ಹಾಕುತ್ತಿದ್ದರಂತೆ, ಈಗ ತಾಮ್ರದ ಔಷಧಿ. ಈ ತಾಮ್ರ ಮಾಮೂಲಿ ಮೊಳೆಯನ್ನು ತಿಂದುಬಿಡುತ್ತೆ, ಅದಕ್ಕೇ ಬೇರೆ ಲೇಪದ ಸ್ಕ್ರೂ ಬೇಕು. ಡಬ್ಬಿ ರೇಟು ನೋಡಿ ಇವರು ಮುಖ ಕಿವುಚಿದರು. ನಾನು ಬಿಡಲಿಲ್ಲ. ಕಣ್ಣಿಗೆ ಕಾಣದ ಕಡೆ ಜಿಪುಣತನ ಮಾಡಿದರೆ ನಾಲ್ಕೇ ಮಳೆಗಾಲಕ್ಕೆ ಮತ್ತೆ ಖರ್ಚು. ಉಳಿದ ಚೂರುಗಳನ್ನು ಹಂಡೆ ಒಲೆಗೆ ಹಾಕಬಹುದಲ್ಲ ಅಂತ ಅವ್ವ ಕೇಳುತ್ತಾಳೆ, ಗೊತ್ತು. ಹಾಕೋ ಹಾಗಿಲ್ಲ ಅಂತ ಹೇಳು, ಆ ಹೊಗೆ, ಬೂದಿ ಎರಡೂ ವಿಷ.

ಹಲಗೆ ತಂದಾಗ ಹಸಿಯಾಗಿ, ತಿಳಿ ಹಸಿರು ಬಣ್ಣಕ್ಕೆ, ಎತ್ತೋಕಾಗದಷ್ಟು ಭಾರ ಇತ್ತು. ಹಸಿ ಹಲಗೆಯನ್ನು ಸಂದಿಲ್ಲದ ಹಾಗೆ ಒಂದಕ್ಕೊಂದು ಒತ್ತಿಯೇ ಹೊಡೆಯಬೇಕು, ಒಣಗಿದ ಹಾಗೆ ಕುಗ್ಗಿ ಸಂದು ತಾನೇ ಬಿಡುತ್ತೆ. ಮೊದಲೇ ಸಂದು ಬಿಟ್ಟರೆ ಆಮೇಲೆ ಚಪ್ಪಲಿ ಹಿಮ್ಮಡಿ ಸಿಕ್ಕಿಕೊಳ್ಳುವಷ್ಟಾಗುತ್ತೆ. ಬಣ್ಣವನ್ನೂ ತಕ್ಷಣ ಬಳಿಯೋ ಹಾಗಿಲ್ಲ. ನಾಲ್ಕು ಹನಿ ನೀರು ಚಿಮುಕಿಸಿ ನೋಡಬೇಕು. ಹನಿ ಹಾಗೇ ಮುತ್ತಾಗಿ ನಿಂತರೆ ಇನ್ನೂ ಕಾಯಬೇಕು, ಹೀರಿಕೊಂಡರೆ ಸ್ಟೇನ್, ಅಂದರೆ ಮರದ ಬಣ್ಣ, ಹಚ್ಚಬಹುದು. ನಮ್ಮದು ಒಣಗೋಕೆ ಬೇಸಿಗೆ ಬರಬೇಕಾಯಿತು.

ಚೆಂದ ಬಂದಿದ್ದು ಸಣ್ಣ ಪುಟ್ಟದ್ದರಿಂದ. ಸುತ್ತ ಒಂದು ಹಲಗೆಯನ್ನು ಚೌಕಟ್ಟಿನ ಹಾಗೆ ಅಡ್ಡ ಹಾಕಿದ್ದಕ್ಕೆ ತುದಿ ಕುಯ್ದಿದ್ದು ಕಾಣಲ್ಲ. ಒಂದು ಬದಿಗೆ ಉದ್ದಕ್ಕೂ ಅಗಲ ಮೆಟ್ಟಿಲು, ಕುರ್ಚಿ ಕೊಳ್ಳೋ ಖರ್ಚು ಉಳಿಯಿತು. ಕುಂಡದಲ್ಲಿ ಕರಿಬೇವು ಇದೆ, ಚಳಿಗಾಲಕ್ಕೆ ಒಳಗೆ ಎತ್ತಿಡುತ್ತೇನೆ. ಸೋಲಾರ್ ದೀಪದ ಸರ ಮಾತ್ರ ದಂಡ. ಹತ್ತು ಗಂಟೆಗೆಲ್ಲ ಮಂಕಾಗುತ್ತೆ.

ಇನ್ನು ನಿನ್ನ ವಿಚಾರ. ಅಲ್ಲಿ ಮರದ್ದು ಮಾಡಿಸಬೇಡ. ಒಳ್ಳೆ ಮರದ ರೇಟು ನಿನಗೇ ಗೊತ್ತು, ಹಿತ್ತಲಲ್ಲಿ ಗೆದ್ದಲೂ ಇದೆ, ಬಚ್ಚಲ ನೀರೂ ಅಲ್ಲೇ ಹರಿಯುತ್ತೆ. ಕಲ್ಲು ಚಪ್ಪಡಿ ಹಾಕಿಸು. ಕೆಳಗೆ ಜಲ್ಲಿ ದಮ್ಮಸ್ಸು ಚೆನ್ನಾಗಿರಲಿ, ನೀರು ಮನೆ ಕಡೆ ಬಾರದ ಹಾಗೆ ಸ್ವಲ್ಪ ಇಳಿಜಾರು ಕೊಡಿಸು. ಅಗಲ ಮೆಟ್ಟಿಲು ಮಾತ್ರ ನಮ್ಮ ಥರಾನೇ ಮಾಡಿಸು, ಅವ್ವನಿಗೆ ಕೂತು ಸೊಪ್ಪು ಬಿಡಿಸೋಕೆ ಆಗುತ್ತೆ. ಅದರ ಎತ್ತರ ಅವಳನ್ನೇ ಕೂರಿಸಿ ಅಳೆದು ಹೇಳು, ಮಂಡಿ ನೋವಿಗೆ ತೀರಾ ತಗ್ಗಾದರೆ ಏಳೋಕೆ ಕಷ್ಟ. ಚಪ್ಪಡಿ ರೇಟು ಎರಡು ಮೂರು ಕಡೆ ವಿಚಾರಿಸಿ ವಾಟ್ಸಾಪ್‌ನಲ್ಲಿ ಹಾಕು, ಅರ್ಧ ದುಡ್ಡು ನಾನು ಕಳಿಸುತ್ತೇನೆ. ಅಪ್ಪಾಜಿಗೆ ಈಗಲೇ ಹೇಳಬೇಡ, ಬೇಡ ಅಂದುಬಿಡುತ್ತಾರೆ.

ನಿನ್ನ ತಂಗಿ