ಸ್ವಾರ್ಥ ಕಂಡಿತೆಂದು ಹೆದರಿರುವ ಮಗಳಿಗೆ

ಕರ್ತನಲ್ಲಿ ಪ್ರಿಯಳಾದ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮನೆಯ ಸಾಲ, ಅಮ್ಮನ ಮೊಣಕಾಲು, ತಮ್ಮನ ಪರೀಕ್ಷೆ, ಇವುಗಳ ಸುದ್ದಿಯನ್ನೆಲ್ಲ ನೀನು ಫೋನಿನಲ್ಲಿಯೇ ಕೇಳಿಕೊಳ್ಳುವುದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಪತ್ರದ ಕೊನೆಯಲ್ಲಿ, ಬರೆಯಲೋ ಬೇಡವೋ ಎಂಬಂತೆ ಸಣ್ಣ ಅಕ್ಷರಗಳಲ್ಲಿ ನೀನು ಸೇರಿಸಿರುವ ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. ಯೆಹೂದ್ಯರ ಅನುಭಾವ ವಿದ್ಯೆಯಾದ ಕಬ್ಬಾಲಾದ ಪಾಠಗಳನ್ನು ಕೇಳಲು ತೊಡಗಿದಂದಿನಿಂದ ನಿನ್ನೊಳಗೆ ಸ್ವಾರ್ಥವಲ್ಲದೆ ಬೇರೇನೂ ಕಾಣುತ್ತಿಲ್ಲವೆಂದೂ, ನೀನು ನೋಡಿಕೊಳ್ಳುವ ಮನೆಯ ಅಜ್ಜಿಗೆ ಸೂಪ್ ಕುಡಿಸುವಾಗಲೂ ಒಳ್ಳೆಯವಳೆನಿಸಿಕೊಳ್ಳುವುದಕ್ಕೇ ಕುಡಿಸುತ್ತಿದ್ದೇನೆಂದು ತೋರುತ್ತದೆಂದೂ, ನಿನ್ನಲ್ಲಿ ಪ್ರೀತಿಯೆಂಬುದು ಯಾವತ್ತಾದರೂ ಇತ್ತೇ ಎಂದು ಭಯವಾಗುತ್ತದೆಂದೂ ಬರೆದಿದ್ದೀ. ಸ್ವಾರ್ಥ ಕಂಡಿತೆಂಬ ಮಾತಿಗೆ ನಾನು ಬೆಚ್ಚಲಿಲ್ಲ. ‘ಯಾವತ್ತಾದರೂ ಇತ್ತೇ’ ಎಂಬ ಪ್ರಶ್ನೆಗೆ ಬೆಚ್ಚಿದೆ. ಹಾಗೆ ಕೇಳಿಕೊಳ್ಳುವವರು ಹಿಂದಿನದನ್ನೆಲ್ಲ ಅಳಿಸಲು ಹೊರಟಿರುತ್ತಾರೆ.

ಪರದೇಶದ ಮನೆಯೊಂದರಲ್ಲಿ, ನಿನ್ನ ಹೆಸರನ್ನೂ ಕೆಲವೊಮ್ಮೆ ಮರೆಯುವ ಮುದುಕಿಯೊಬ್ಬಳೊಂದಿಗೆ ಹಗಲಿರುಳು ಇರುವ ಹುಡುಗಿ ಒಬ್ಬಳೇ ಕುಳಿತು ಇಂಥ ಪಾಠವನ್ನು ಕೇಳಿದರೆ ಅದು ಹೇಗೆ ಕೊರೆಯುತ್ತದೆಂಬುದು ನನಗೆ ಗೊತ್ತಿದೆ. ನಮ್ಮ ಮಂಗಳೂರು, ಉಡುಪಿಗಳ ಕಡೆಯಿಂದ ಇಸ್ರೇಲಿಗೆ ಕೇರ್‌ಗಿವರ್ ಕೆಲಸಕ್ಕೆ ಹೋದವರು ಹಲವರಿದ್ದಾರೆ. ಜೆರುಸಲೇಮಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಹಿರಿಯರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲವಾದ್ದರಿಂದ ಅವರು ಮೇಜಿನ ಮೇಲೆ ಕಬ್ಬಾಲಾದ ಮುಖ್ಯ ಗ್ರಂಥವಾದ ಝೋಹರಿನ ಸಂಪುಟವೊಂದನ್ನು ತೆರೆದಿಟ್ಟುಕೊಂಡು, ನನಗೆ ತಿಳಿಯುವಷ್ಟು ಸರಳವಾದ ಹೀಬ್ರೂವಿನಲ್ಲಿ ಹೇಳುತ್ತಾ ಹೋಗುತ್ತಿದ್ದರು. ಅರ್ಧ ನಿದ್ದೆಯಲ್ಲಿ ಕೇಳಿಸಿಕೊಂಡದ್ದೇ ನನ್ನ ವಿದ್ಯೆ. ಆದ್ದರಿಂದ ಇಲ್ಲಿ ಬರೆಯುವುದನ್ನು ಪಂಡಿತರ ಮಾತೆಂದು ತಿಳಿಯಬೇಡ.

ಅವರು ಓದುತ್ತಿದ್ದದ್ದು ‘ಸೂಲಾಮ್’ ವ್ಯಾಖ್ಯಾನವಿರುವ ಝೋಹರ್. ನಿನ್ನ ಪಾಠಗಳ ಮೂಲವೂ ಅದೇ ಎಂದು ನೀನು ಬರೆದದ್ದರಿಂದ ತಿಳಿಯುತ್ತದೆ. ವಾರ್ಸಾದಲ್ಲಿ ಹುಟ್ಟಿ, 1920ರ ದಶಕದ ಆರಂಭದಲ್ಲಿ ಜೆರುಸಲೇಮಿಗೆ ಬಂದು ನೆಲೆಸಿ, 1954ರಲ್ಲಿ ತೀರಿಕೊಂಡ ಯೆಹೂದಾ ಅಶ್ಲಾಗ್ ಆ ವ್ಯಾಖ್ಯಾನವನ್ನು ಬರೆದವರು. ಸೃಷ್ಟಿಯಾದ ಪ್ರತಿಯೊಂದು ಜೀವದ ಮೂಲವಸ್ತುವೇ ‘ಪಡೆಯುವ ಆಸೆ’ ಎಂಬುದು ಅವರ ಬೋಧನೆಯ ಅಡಿಪಾಯ. ಆ ಆಸೆಯನ್ನು ಕಿತ್ತೆಸೆಯಬೇಕೆಂದು ಅವರು ಎಲ್ಲಿಯೂ ಹೇಳುವುದಿಲ್ಲ, ಏಕೆಂದರೆ ಕಿತ್ತೆಸೆದರೆ ಉಳಿಯುವ ವಸ್ತುವೇ ಇಲ್ಲ. ಬದಲಾಗಬಹುದಾದದ್ದು ಪಡೆಯುವುದರ ಹಿಂದಿರುವ ಉದ್ದೇಶ ಮಾತ್ರ. ಹಾಗಿರುವಾಗ ಒಳಗೆ ನೋಡಿದರೆ ಪಡೆಯುವ ಆಸೆಯೇ ಕಾಣುತ್ತದೆಂದು ನೀನು ಹೆದರುವುದು, ಪುಸ್ತಕ ಮೊದಲ ಪುಟದಲ್ಲಿಯೇ ಹೇಳಿದ್ದನ್ನು ಕಂಡು ಹೆದರಿದಂತಾಯಿತು. ಅದು ನಿನ್ನೊಬ್ಬಳಲ್ಲಿ ಸೇರಿಕೊಂಡ ಕೊರತೆಯಲ್ಲ, ಮಗಳೇ. ಆ ಹಿರಿಯರಲ್ಲೂ ಇತ್ತು, ನಮ್ಮ ಸಭೆಯ ಅಯ್ಯನವರಲ್ಲೂ ಇದೆ, ಈ ಪತ್ರ ಬರೆಯುವಾಗ ನನ್ನ ಮಾತು ನಿನಗೆ ಹಿಡಿಸಬೇಕೆಂದು ಬಯಸುವ ನನ್ನಲ್ಲೂ ಇದೆ.

ಅತಿಥಿಯ ದೃಷ್ಟಾಂತವನ್ನು ನಿನಗೆ ಹೇಳಿಕೊಟ್ಟಿರಬೇಕು. ಹಸಿದ ಅತಿಥಿಯೊಬ್ಬನು ಊಟಕ್ಕೆ ಕೂರಲು ಸಂಕೋಚಪಟ್ಟು ಬೇಡವೆನ್ನುತ್ತಾನೆ. ಮನೆಯವನು ಮತ್ತೆ ಮತ್ತೆ ಬೇಡಿಕೊಂಡ ಮೇಲೆ, ತಾನು ಉಣ್ಣದಿದ್ದರೆ ಇವನಿಗೆ ನೋವಾಗುತ್ತದೆಂದು ಅರಿತು ಅವನ ಸಂತೋಷಕ್ಕಾಗಿ ಉಣ್ಣುತ್ತಾನೆ. ಊಟವೂ ಅದೇ, ಹಸಿವೂ ಅದೇ. ಆದರೂ ಪಡೆಯುತ್ತಿದ್ದವನು ಈಗ ಕೊಡುವವನಾದ. ನಡುವೆ ನಿಂತ ಆ ಬೇಡವೆಂಬ ತಡೆಯನ್ನೇ ಅವರು ‘ಮಸಾಖ್’, ಅಂದರೆ ತೆರೆ ಎಂದು ಕರೆಯುತ್ತಾರೆ. ಈ ಕಥೆಯಲ್ಲಿ ಅತಿಥಿಯ ಹಸಿವು ಕೊನೆಯವರೆಗೂ ಹೋಗುವುದಿಲ್ಲವೆಂಬುದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಹಸಿವಿಲ್ಲದ ಅತಿಥಿಯಿಂದ ಮನೆಯವನಿಗೆ ಏನು ಸಂತೋಷ?

ಈಗ ಮತ್ತೆ ನಿನ್ನ ಭಯಕ್ಕೆ ಬರುತ್ತೇನೆ. ಕೆಟ್ಟದ್ದನ್ನು ಕೆಟ್ಟದ್ದೆಂದು ಗುರುತಿಸುವ ಸೂಕ್ಷ್ಮತೆ ಬೆಳೆದಷ್ಟೇ ಮನುಷ್ಯನು ಬೆಳೆದಂತೆ ಎಂದು ಅಶ್ಲಾಗ್ ಒಂದು ಪ್ರಬಂಧದಲ್ಲಿ ವಾದಿಸುತ್ತಾರೆ. ಯೆಹೂದ್ಯ ಗುರುಗಳ ಚರ್ಚೆಗಳ ಪ್ರಾಚೀನ ಸಂಗ್ರಹವಾದ ತಾಲ್ಮುದಿನ ‘ಸುಕ್ಕಾ’ ಎಂಬ ಭಾಗದಲ್ಲಿಯೂ ಇದಕ್ಕೆ ಹೊಂದುವ ಒಂದು ಮಾತಿದೆ. ಬರಲಿರುವ ಕಾಲದಲ್ಲಿ ದೇವರು ದುಷ್ಪ್ರೇರಣೆಯನ್ನು ಎಲ್ಲರ ಮುಂದೆ ತಂದು ವಧಿಸುವಾಗ ಅದು ನೀತಿವಂತರಿಗೆ ಎತ್ತರದ ಬೆಟ್ಟದಂತೆಯೂ ದುಷ್ಟರಿಗೆ ಕೂದಲೆಳೆಯಂತೆಯೂ ಕಾಣುತ್ತದೆ, ಇಬ್ಬರೂ ಅಳುತ್ತಾರೆ. ಇಷ್ಟು ದೊಡ್ಡ ಬೆಟ್ಟವನ್ನು ಹೇಗೆ ಗೆದ್ದೆವೆಂದು ನೀತಿವಂತರ ಅಳು, ಇಷ್ಟು ಸಣ್ಣ ಎಳೆಯನ್ನು ಗೆಲ್ಲಲಾಗಲಿಲ್ಲವಲ್ಲ ಎಂದು ದುಷ್ಟರ ಅಳು. ನಿನಗೆ ಬೆಟ್ಟ ಕಾಣುತ್ತಿದೆ. ಅದು ಕಂಡಕೂಡಲೇ ನೀನು ನೀತಿವಂತಳಾದೆಯೆಂದು ಹೇಳಿ ನಿನ್ನನ್ನು ಉಬ್ಬಿಸುವುದಿಲ್ಲ. ಆದರೆ ಬೆಟ್ಟ ಕಂಡದ್ದರಿಂದ ನಿನ್ನಲ್ಲಿ ಪ್ರೀತಿಯೇ ಇರಲಿಲ್ಲವೆಂಬ ತೀರ್ಮಾನಕ್ಕೆ ಬರಲು ಆ ಗ್ರಂಥಗಳಲ್ಲಿ ಆಧಾರವಿಲ್ಲ.

ನಾನು ಆ ತೀರ್ಮಾನದ ಹತ್ತಿರ ಹೋಗಿ ಬಂದವಳು. ನನ್ನ ತಾಯಿ, ನಿನ್ನ ಅಜ್ಜಿ, ಹಾಸಿಗೆ ಹಿಡಿದಿದ್ದಾಗ ನಾನು ಅಲ್ಲಿ ಬೇರೆಯವರ ತಂದೆಗೆ ಸ್ನಾನ ಮಾಡಿಸುತ್ತಿದ್ದೆ. ಬಂದರೆ ಮರಳಿ ಹೋಗುವ ಖಾತ್ರಿಯಿರಲಿಲ್ಲ, ನಾನು ಕಳುಹಿಸುವ ಹಣದಿಂದಲೇ ಅವರ ಔಷಧಿ ಬರುತ್ತಿತ್ತು. ಇದೆಲ್ಲ ನಿಜ. ಆದರೂ ಅವರು ತೀರಿಕೊಂಡ ಮೇಲೆ, ನಾನು ಅಲ್ಲಿ ಉಳಿದದ್ದು ತಾಯಿಯ ಔಷಧಿಗಾಗಿಯೋ, ಊರಿನಲ್ಲಿ ಹಣ ಕಳುಹಿಸುವ ಮಗಳೆಂದು ಪಡೆದಿದ್ದ ಗೌರವಕ್ಕಾಗಿಯೋ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಎರಡೂ ಇದ್ದಿರಬಹುದು. ಆ ರಾತ್ರಿಗಳಲ್ಲಿ ನಾನು ಹಿರಿಯರ ಮೇಜಿನ ಬಳಿ ಕುಳಿತು ಅಳುತ್ತಿದ್ದಾಗ ಅವರು ಸಮಾಧಾನದ ಮಾತೇನನ್ನೂ ಹೇಳಲಿಲ್ಲ. ಸಫೇದಿನ ಮೋಶೆ ಕೊರ್ದೊವೇರೊ ಬರೆದ ಚಿಕ್ಕ ಪುಸ್ತಕವೊಂದನ್ನು ತೆಗೆದು ಓದಿದರು.

ಸಫೇದ್ ಗಲಿಲಾಯದ ಬೆಟ್ಟದ ಮೇಲಿನ ಊರು. ರಜೆ ಸಿಕ್ಕಾಗ ನೀನು ನೋಡಿರಬಹುದು. ಹದಿನಾರನೆಯ ಶತಮಾನದಲ್ಲಿ ಕಬ್ಬಾಲಾ ಅರಳಿದ್ದು ಅಲ್ಲಿ. ಕೊರ್ದೊವೇರೊ 1570ರಲ್ಲಿ ತೀರಿಕೊಂಡರು, ಇಸಾಕ್ ಲೂರಿಯಾ ಅದೇ ವರ್ಷ ಅಲ್ಲಿಗೆ ಬಂದು 1572ರಲ್ಲಿ ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಆ ಚಿಕ್ಕ ಪುಸ್ತಕವು ದೇವರ ಗುಣಗಳನ್ನು ಮನುಷ್ಯನು ಹೇಗೆ ಅನುಸರಿಸಬೇಕೆಂಬುದನ್ನು ಹೇಳುತ್ತದೆ. ಅದರ ಮೊದಲ ಗುಣವೇ ಅವಮಾನವನ್ನು ತಾಳಿಕೊಳ್ಳುವ ರಾಜನದು. ಮನುಷ್ಯನು ದೇವರಿಗೆ ವಿರುದ್ಧವಾಗಿ ಕೈಯೆತ್ತುವ ಕ್ಷಣದಲ್ಲಿಯೂ ಆ ಕೈಗೆ ಬಲ ಕೊಡುತ್ತಿರುವವನು ದೇವರೇ. ಅವನು ಅದನ್ನು ಹಿಂತೆಗೆದುಕೊಳ್ಳುವುದಿಲ್ಲ, ಮನುಷ್ಯನೂ ಹಾಗೆಯೇ ತಾಳ್ಮೆಯಿಂದಿರಬೇಕು ಎನ್ನುತ್ತಾರೆ ಅವರು. ಇದನ್ನು ಅವರು ಬರೆದದ್ದು ಇತರರೊಡನೆ ನಾವು ನಡೆದುಕೊಳ್ಳುವ ರೀತಿಗಾಗಿ. ನಾನು ಮಾತ್ರ ಅದನ್ನು ನನ್ನ ಕಡೆಗೂ ತಿರುಗಿಸಿಕೊಂಡೆ. ಒಳಗಿನ ಸ್ವಾರ್ಥ ತಿಳಿದಿದ್ದರೂ ದೇವರು ನನ್ನ ಕೈಯಿಂದ ಬಲವನ್ನು ತೆಗೆದಿಲ್ಲವಾದರೆ, ನಾನೇಕೆ ಆ ಕೈಯನ್ನು ಕೆಲಸದಿಂದ ತೆಗೆಯಬೇಕು? ಈ ಓದು ಸರಿಯೋ ತಪ್ಪೋ ನಿನ್ನ ಪಾಠ ಹೇಳುವವರನ್ನು ಕೇಳು.

ಬುದ್ಧಿವಾದ ಹೇಳುವ ಅರ್ಹತೆ ನನಗೆ ಎಷ್ಟಿದೆಯೋ ಕಾಣೆ, ಆದರೂ ಬರೆಯುತ್ತೇನೆ. ಅಜ್ಜಿಗೆ ಸೂಪ್ ಕುಡಿಸುವುದನ್ನು ಉದ್ದೇಶ ಶುದ್ಧವಾಗುವವರೆಗೆ ತಡೆಯಬೇಡ. ಅವರಿಗೆ ಬೇಕಾದದ್ದು ಬಿಸಿಯಾದ ಸೂಪ್. ಸರಿಯಾದ ಉದ್ದೇಶವಿಲ್ಲದಿದ್ದರೂ ಕೆಲಸದಲ್ಲಿ ತೊಡಗು, ಮಾಡುತ್ತಾ ಮಾಡುತ್ತಾ ಸರಿಯಾದ ಉದ್ದೇಶ ಬರುತ್ತದೆ ಎಂಬ ಅರ್ಥದ ಮಾತು ತಾಲ್ಮುದಿನಲ್ಲಿಯೇ ಇದೆ, ಅಶ್ಲಾಗ್ ಅದನ್ನು ಮತ್ತೆ ಮತ್ತೆ ಎತ್ತಿ ಹೇಳುತ್ತಾರೆ. ಸಂಬಳ ಪಡೆಯುವುದಕ್ಕೂ ನಾಚಬೇಡ. ದುಡಿಯದೆ ತಿಂದದ್ದು ಮಾತ್ರ ಕಬ್ಬಾಲಾದವರ ಲೆಕ್ಕದಲ್ಲಿ ನಾಚಿಕೆಯ ರೊಟ್ಟಿ. ನೀನು ತಿನ್ನುವುದು ರಾತ್ರಿ ಎದ್ದೆದ್ದು ದುಡಿದದ್ದು.

ಒಬ್ಬಳೇ ಓದುವುದನ್ನು ಆದಷ್ಟು ಕಡಿಮೆ ಮಾಡು ಎಂದು ಹೇಳಬೇಕೆನಿಸುತ್ತದೆ, ಆದರೆ ನಿನಗೆ ರಜೆ ಸಿಗುವುದೇ ಅಪರೂಪವೆಂದು ಬಲ್ಲೆ. ಅಶ್ಲಾಗರ ಮಗ ಬಾರೂಖ್, 1991ರಲ್ಲಿ ತೀರಿಕೊಂಡವರು, ತಮ್ಮ ಶಿಷ್ಯರಿಗಾಗಿ ಬರೆದ ಲೇಖನಗಳಲ್ಲಿ ಗೆಳೆಯರು ಕೂಡುವ ವಿಷಯಕ್ಕೆ ಬಹಳ ಒತ್ತು ಕೊಟ್ಟಿದ್ದಾರೆ. ಗೆಳೆಯನ ಗುಣವನ್ನು ನೋಡಲು ಕಲಿಯುವವನು ತನ್ನನ್ನೇ ನೋಡಿಕೊಳ್ಳುವುದರಿಂದ ಸ್ವಲ್ಪವಾದರೂ ಬಿಡುಗಡೆ ಪಡೆಯುತ್ತಾನಲ್ಲವೇ? ಏಕೆಂದರೆ, ಕೋಪ ಮಾಡಿಕೊಳ್ಳಬೇಡ, ದಿನವಿಡೀ ನನ್ನ ಸ್ವಾರ್ಥ, ನನ್ನ ಸ್ವಾರ್ಥ ಎಂದು ಎಣಿಸುತ್ತಿರುವುದರಲ್ಲಿಯೂ ‘ನನ್ನ’ ಎಂಬುದೇ ಹೆಚ್ಚು. ನಮ್ಮ ಊರಿನಿಂದಲೇ ಬಂದ ಹುಡುಗಿಯರು ಹತ್ತಿರದಲ್ಲಿದ್ದರೆ ಶನಿವಾರ ಅವರ ಜೊತೆ ಹೋಗಿ ಮೀನು ಸಾರು ಮಾಡಿಕೊಂಡು ತಿನ್ನು. ಆ ದಿನ ಪಾಠ ಬೇಡ. ಕೆಂಪು ದಾರ, ಮಂತ್ರಿಸಿದ ನೀರು ಎಂದು ಕಬ್ಬಾಲಾದ ಹೆಸರಿನಲ್ಲಿ ಮಾರುವವರ ಹತ್ತಿರ ಸುಳಿಯಬೇಡ, ಅದಕ್ಕೂ ನೀನು ಓದುತ್ತಿರುವುದಕ್ಕೂ ಸಂಬಂಧವಿಲ್ಲ. ತೋರಾ ಎಂಬ ಧರ್ಮಶಾಸ್ತ್ರವನ್ನೂ ಅದರ ಆಜ್ಞೆಗಳನ್ನೂ ಬಿಟ್ಟು ಕಬ್ಬಾಲಾ ಮಾತ್ರ ಕಲಿಯುವುದನ್ನು ಅಲ್ಲಿನ ಅನೇಕ ರಬ್ಬಿಗಳು ಒಪ್ಪುವುದಿಲ್ಲವೆಂಬುದನ್ನೂ ತಿಳಿದಿರು. ನಾವು ಹೊರಗಿನವರು, ಅವರ ಮನೆಯಲ್ಲಿ ಕುಳಿತವರಿಗೆ ಇರಬೇಕಾದ ವಿನಯ ನಮಗಿರಲಿ.

ಬೆಳಗಿನ ಪ್ರಾರ್ಥನೆಗೆ ಮೊದಲು ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆಯನ್ನು ತನ್ನ ಮೇಲೆ ತೆಗೆದುಕೊಳ್ಳುವ ಮಾತನ್ನು ಹೇಳುವ ರೂಢಿ ಲೂರಿಯಾ ಅವರಿಂದ ಬಂದದ್ದು. ಆ ಆಜ್ಞೆ ನಿನ್ನ ಸೂಟ್‌ಕೇಸಿನಲ್ಲಿರುವ ಕನ್ನಡ ಬೈಬಲಿನಲ್ಲಿಯೂ ಇದೆ, ಯಾಜಕಕಾಂಡ 19:18. ಬೆಳಗ್ಗೆ ಅಜ್ಜಿಯ ಕೋಣೆಗೆ ಹೋಗುವ ಮೊದಲು ಒಮ್ಮೆ ಹೇಳಿಕೊಂಡು ಹೋಗು. ಹೇಳಿದ್ದನ್ನು ಎಷ್ಟು ಮಟ್ಟಿಗೆ ನಡೆಸಿದೆನೆಂದು ರಾತ್ರಿ ಲೆಕ್ಕ ಹಾಕಬೇಡ. ಆ ‘ತನ್ನಂತೆಯೇ’ ಎಂಬಲ್ಲಿ ನೀನೂ ಇದ್ದೀ, ನಿದ್ದೆ ಕೆಟ್ಟು ಬಾಡಿರುವ ನೀನು.

ಇದೇ ಭಯವನ್ನು ಪಾಠ ಹೇಳುವವರ ಮುಂದೆ ಬಾಯಿಬಿಟ್ಟು ಹೇಳಿದ್ದೀಯೋ ಇಲ್ಲವೋ ನೀನು ಬರೆದಿಲ್ಲ. ಹೇಳದಿದ್ದರೆ ಈ ವಾರವೇ ಹೇಳು, ಮತ್ತು ಅವರು ಕೊಟ್ಟ ಉತ್ತರವನ್ನು ನನಗೆ ಬರೆ. ಆ ಭಯವನ್ನು ಅವರು ಕಿವಿಗೆ ಹಾಕಿಕೊಳ್ಳದೆ ಮುಂದಿನ ಪಾಠಕ್ಕೆ ಹೋದರೆ ಆ ಪಾಠವನ್ನು ಸದ್ಯಕ್ಕೆ ನಿಲ್ಲಿಸು; ಅಷ್ಟನ್ನು ದೊಡ್ಡಮ್ಮನೆಂಬ ಅಧಿಕಾರದಿಂದಲೇ ಹೇಳುತ್ತಿದ್ದೇನೆ.

ನಿನ್ನ,
ದೊಡ್ಡಮ್ಮ