ಪಟ್ಟಿಯಲ್ಲಿ ಇಲ್ಲದ ಇಸ್ತ್ರಿ ಅಣ್ಣನಿಗೆ

ಮಕ್ಕಳ ಹಬ್ಬದ ವಂದನಾರ್ಪಣೆ ನಾನೇ ಮಾಡಿದ್ದು. ಕೈಯಲ್ಲಿ ಎರಡು ಪುಟದ ಹಾಳೆ ಇತ್ತು, 38 ಹೆಸರು. ಗುರುವಾರವೇ ಟೈಪ್ ಮಾಡಿಸಿಟ್ಟಿದ್ದೆ. ಮಳೆ ಬಂದಿದ್ದು ಶುಕ್ರವಾರ. ಭಾನುವಾರ ಸಂಜೆ ವೇದಿಕೆ ಹತ್ತಿ, ಆ ಹಾಳೆಯನ್ನು ಇದ್ದ ಹಾಗೇ ಓದಿ ಇಳಿದುಬಿಟ್ಟೆ. ಮೈಕ್ ಸೆಟ್‌ನವರ ಹೆಸರಿತ್ತು. ನೀರಿನ ಕ್ಯಾನ್ ಕಳಿಸಿದವರ ಹೆಸರಿತ್ತು. ಬರುತ್ತೇನೆ ಅಂತ ಹೇಳಿ ಬಾರದೇ ಇದ್ದ ಅತಿಥಿಯೊಬ್ಬರ ಹೆಸರೂ ಇತ್ತು. ಶುಕ್ರವಾರ ರಾತ್ರಿಯಿಡೀ ನಮ್ಮ ಜೊತೆ ನಿಂತವರ ಹೆಸರು ಮಾತ್ರ ಇರಲಿಲ್ಲ.

ಆ ಹೊತ್ತಿಗೆ ಅವರು ಕೊನೆಯ ಸಾಲಿನಲ್ಲಿ ಕೂತಿದ್ದರು. ಮೊಮ್ಮಗಳು ತೊಡೆ ಮೇಲೆ ಮಲಗಿಬಿಟ್ಟಿದ್ದಳು. ಎರಡು ಕೈ ಸೇರಿಸಿ ಚಪ್ಪಾಳೆ ತಟ್ಟಲಾಗದೆ, ಒಂದೇ ಕೈಯಲ್ಲಿ ಮಂಡಿ ತಟ್ಟುತ್ತಿದ್ದರು. ಮನೆಗೆ ಹೋಗಿ ಕಾಲು ತೊಳೆಯುವಾಗ ನನಗೆ ನೆನಪಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಬ್ಬ ಹೇಗಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ, ನೀವೆಲ್ಲ ಅಲ್ಲೇ ಇದ್ದಿರಿ. 5 ಶಾಲೆ, 2 ದಿನ, ಒಂದೇ ನಿಯಮ: ಯಾವ ತಂಡದಲ್ಲೂ ಬರೀ ಒಂದೇ ಶಾಲೆಯ ಮಕ್ಕಳು ಇರಬಾರದು. ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಕರೆದುಕೊಂಡು ಹೋಗಿರುವ ಟೀಚರುಗಳಿಗೆ ಇದು ಯಾಕೆ ಅಂತ ಗೊತ್ತು. ಅಲ್ಲಿ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಗೆಲ್ಲುತ್ತಾ ಹೋಗಬೇಕು. ಅದರ ಮೇಲೆ ನನಗೆ ದೂರಿಲ್ಲ. ಎಷ್ಟೋ ಮಕ್ಕಳು ಮೊದಲ ಸಲ ಮೈಕ್ ಮುಂದೆ ನಿಲ್ಲುವುದೇ ಅಲ್ಲಿ. ಆದರೆ ಸೋತ ಮಗುವನ್ನು ಬಸ್ಸಿನಲ್ಲಿ ಪಕ್ಕ ಕೂರಿಸಿಕೊಂಡು ವಾಪಸ್ ಬರುವುದಿದೆಯಲ್ಲ, ಅದು ನನಗೆ ಸಾಕಾಗಿತ್ತು. ಇಲ್ಲಿ ಬಹುಮಾನವೇ ಇರಲಿಲ್ಲ. ತಮಟೆ ತಂಡದಲ್ಲಿ ನಾಲ್ಕು ಶಾಲೆಯ ಮಕ್ಕಳಿದ್ದರು. ಮೊದಲ ವಾರ ಒಬ್ಬರ ಜೊತೆ ಒಬ್ಬರು ಮಾತೇ ಆಡಲಿಲ್ಲ. ಎರಡನೇ ವಾರ ಜಗಳ ಶುರುವಾಯಿತು. ಆಗ ನಮಗೆಲ್ಲ ಧೈರ್ಯ ಬಂತು.

ಮೊದಲು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಐದೂ ಶಾಲೆಯ ಮುಖ್ಯೋಪಾಧ್ಯಾಯರಿಗೆ, ಕಂಸಾಳೆ ಕಲಿಸಲು ವಾರಕ್ಕೆರಡು ದಿನ ಬಸ್ಸು ಬದಲಿಸಿ ಬಂದ ಮೇಷ್ಟ್ರಿಗೆ, ಸುಲ್ತಾನ್‌ಪೇಟೆಯಿಂದ ಡ್ರಾಯಿಂಗ್ ಶೀಟನ್ನು ಸ್ಕೂಟರ್ ಮೇಲೆ ಹೇರಿಕೊಂಡು ಬಂದ ಅಪ್ಪಂದಿರಿಗೆ, ಬಳೇಪೇಟೆಯಲ್ಲಿ ಗೆಜ್ಜೆಗೆ ಚೌಕಾಸಿ ಮಾಡಿದ ಅಮ್ಮಂದಿರಿಗೆ, ಎರಡೂ ದಿನ ಚಿತ್ರಾನ್ನ ಕೆದಕಿದ ಅಡುಗೆಯವರಿಗೆ, ನಮಸ್ಕಾರ. ಇನ್ನೂ ಯಾರನ್ನಾದರೂ ಬಿಟ್ಟಿದ್ದರೆ ಬೈಯಿರಿ, ಬೈಸಿಕೊಳ್ಳುತ್ತೇನೆ.

ಈಗ ಶುಕ್ರವಾರದ ರಾತ್ರಿ.

ತಪ್ಪು ನನ್ನದು. ಮಕ್ಕಳು ಬರೆದ ಚಿತ್ರಗಳನ್ನು ಕ್ಲಾಸ್‌ರೂಮಿನಲ್ಲಿ ಹಾಕೋಣ ಅಂತ ಎಲ್ಲರೂ ಹೇಳಿದ್ದರು. ನನಗೆ ಮಾತ್ರ ಅಂಗಳವೇ ಬೇಕಾಗಿತ್ತು. ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಚಿತ್ರಗಳು ಕೂತಿರುತ್ತವಲ್ಲ, ಜನ ಕಡಲೆಕಾಯಿ ತಿನ್ನುತ್ತಾ ನೋಡಿಕೊಂಡು ಹೋಗುತ್ತಾರಲ್ಲ, ಹಾಗೆ ಇರಬೇಕು ಅಂತ ಹಟ. ಚಿತ್ರಸಂತೆಯನ್ನು ಜನವರಿಯಲ್ಲಿ ಯಾಕೆ ಮಾಡುತ್ತಾರೆ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ನಾವು ಮಾಡಿದ್ದು ಅಕ್ಟೋಬರ್‌ನಲ್ಲಿ. ಬೆಂಗಳೂರಲ್ಲಿ ಅಕ್ಟೋಬರ್ ಸಂಜೆಯನ್ನು ನಂಬುವವರು ಯಾರು? ಶಾಮಿಯಾನದವರನ್ನು ಬೈಯೋಣ ಅಂದರೆ ಅದಕ್ಕೂ ಬಾಯಿಲ್ಲ. "ಮೇಡಂ, ಬಟ್ಟೆ ಬಿಸಿಲಿಗೆ ಸರಿ, ಮಳೆ ಬಂದ್ರೆ ಶೀಟು ಹಾಕಿಸ್ಬೇಕು" ಅಂತ ಅವರು ಮೊದಲೇ ಹೇಳಿದ್ದರು. ದುಡ್ಡು ಜಾಸ್ತಿ ಆಗುತ್ತೆ, ಬೇಡ ಅಂದವಳು ನಾನು.

ಸಂಜೆ ಆರೂವರೆಗೆ ಶುರುವಾದ ಮಳೆ ಮುಕ್ಕಾಲು ಗಂಟೆ ಹೊಡೆಯಿತು. ಶಾಮಿಯಾನದ ಹೊಟ್ಟೆಯಲ್ಲಿ ನೀರು ತುಂಬಿ, ಒಂದು ಕಡೆಯ ಗೂಟ ಕಿತ್ತು, ಅಷ್ಟೂ ನೀರು ಚಿತ್ರಗಳ ಮೇಲೆ ಸುರಿಯಿತು. 163 ಚಿತ್ರ. ಇದ್ದಷ್ಟು ಜನ ಓಡಿ ಓಡಿ ವರಾಂಡಕ್ಕೆ ತಂದೆವು. ಯಾರೋ ಮನೆಯಿಂದ ಹೇರ್ ಡ್ರೈಯರ್ ತಂದರು, ಇನ್ಯಾರೋ ಇಸ್ತ್ರಿ ಪೆಟ್ಟಿಗೆ ತಂದರು. ಪ್ಲಗ್ ಹಾಕಿ ಹತ್ತು ನಿಮಿಷ ಆಗಿರಬಹುದು, ಕರೆಂಟ್ ಹೋಯಿತು. ಬಂದಿದ್ದು ಮಾರನೇ ದಿನ ಬೆಳಿಗ್ಗೆ ಆರಕ್ಕೆ.

ಇಸ್ತ್ರಿ ಅಣ್ಣ ಕರೆಂಟ್ ಹೋದ ಹೊತ್ತಿಗೇ ಬಂದರು. ಬಂದಿದ್ದು ಚಿತ್ರಕ್ಕಲ್ಲ. ಮಕ್ಕಳ ಪಂಚೆ, ಲಂಗ ಇಸ್ತ್ರಿ ಮಾಡಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಗಂಟು ಹೊತ್ತುಕೊಂಡು ಬಂದಿದ್ದರು. ಶಾಲೆಯ ಪಕ್ಕದ ತಿರುವಿನಲ್ಲಿ, ಹೊಂಗೆ ಮರದ ಕೆಳಗೆ ಅವರ ತಳ್ಳುಗಾಡಿ ನಿಂತು ಎಷ್ಟು ವರ್ಷ ಆಯಿತೋ. ನಾನು ಕೆಲಸಕ್ಕೆ ಸೇರುವಾಗಲೇ ಇತ್ತು. ಅರವತ್ತು ದಾಟಿದೆ, ಆದರೂ ಇಡೀ ಬೀದಿಗೆ ಅಣ್ಣನೇ. ಗಂಟು ಇಳಿಸಿ, ಟಾರ್ಚ್ ಬೆಳಕಿನಲ್ಲಿ ನಾವು ಮಾಡುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿದರು. "ಹಿಂಗೆ ಒರೆಸಿದ್ರೆ ಬಣ್ಣ ಎಲ್ಲಾ ಹೋಯ್ತದೆ" ಅಂದರು. ಹೋದರು. ವಾಪಸ್ ಬರುವಾಗ ತಲೆ ಮೇಲೆ ಚಿಪ್ಪಿನ ಇದ್ದಿಲಿನ ಮೂಟೆ, ಕೈಯಲ್ಲಿ ಹಿತ್ತಾಳೆ ಪೆಟ್ಟಿಗೆ.

ಅವರ ಓರಗೆಯವರು ಎಷ್ಟೋ ಜನ ಗ್ಯಾಸ್ ಪೆಟ್ಟಿಗೆಗೆ ಬದಲಾಗಿದ್ದಾರೆ. ಇವರು ಇನ್ನೂ ಕೆಂಡದ ಪೆಟ್ಟಿಗೆ ಬಿಟ್ಟಿಲ್ಲ. ಹೊಗೆ ಬರುತ್ತೆ ಅಂತ ನಾನೇ ಒಂದೆರಡು ಸಲ ಗೊಣಗಿದ್ದೆ. ಕರೆಂಟಿನ ಹಂಗಿಲ್ಲದ ಆ ಪೆಟ್ಟಿಗೆ ಇಲ್ಲದಿದ್ದರೆ ಶನಿವಾರ ಗೋಡೆಗೆ ಹಾಕಲು ನಮ್ಮ ಹತ್ತಿರ ಏನೂ ಇರುತ್ತಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಮಾಡೋಣ ಅಂದೆವು. ಬೇಡ, ಒಳಗೆ ಕೆಂಡದ ಹೊಗೆ ಕಟ್ಟಿಕೊಳ್ಳುತ್ತೆ, ಮಕ್ಕಳೂ ಇದ್ದಾರೆ ಅಂದರು. ವರಾಂಡದಲ್ಲಿ ನಾಲ್ಕು ಬೆಂಚು ಜೋಡಿಸಿ, ಕಂಬಳಿ ಹಾಸಿ, ಅದರ ಮೇಲೆ ಬಿಳಿ ಬಟ್ಟೆ ಹಾಸಿದರು. ನಾವು ಬುದ್ಧಿವಂತರು ಅಂದುಕೊಂಡು ಹಳೇ ಪೇಪರ್ ಕೊಟ್ಟೆವು. ಮೊದಲ ಚಿತ್ರ ಎತ್ತಿ ನೋಡಿದರೆ ಹಿಂದುಗಡೆ ಯಾವುದೋ ಸೈಟಿನ ಜಾಹೀರಾತು ಉಲ್ಟಾ ಮೂಡಿತ್ತು. ಪೇಪರ್ ಆಚೆ ಹಾಕಿ, ತಮ್ಮದೇ ಹಳೇ ಪಂಚೆ ಹರಿದು ತುಂಡು ಮಾಡಿದರು. ಹಾಳೆ ಬೋರಲು, ಮೇಲೊಂದು ತುಂಡು, ಅದರ ಮೇಲೆ ಪೆಟ್ಟಿಗೆ. ಒತ್ತುತ್ತಿರಲಿಲ್ಲ. ಸುಮ್ನೆ ತೇಲಿಸುತ್ತಿದ್ದರು. ಪ್ರತಿ ಸಲ ಕೆಂಡ ಹಾಕಿದ ಮೇಲೆ ಎರಡು ಹನಿ ನೀರು ಚಿಮುಕಿಸಿ ಸದ್ದು ಕೇಳುತ್ತಿದ್ದರು. ಚುಂಯ್ ಅಂದರೆ ಕಾಟನ್ ಶಾಖ, ಚಿತ್ರಕ್ಕೆ ಬೇಡ. ಸ್ವಲ್ಪ ತಡೆದು, ರೇಷ್ಮೆ ಶಾಖಕ್ಕೆ ಬಂದಾಗ ಕೈ ಹಾಕುತ್ತಿದ್ದರು.

ಕ್ರೇಯಾನ್‌ದು ಬೇಡ ಅಂತಲೂ ಅವರೇ ಹೇಳಿದ್ದು. ಮೇಣ ಅಲ್ವಾ, ಕರಗುತ್ತೆ. ಮುಟ್ಟಿ ನೋಡಿಯೇ ಬೇರೆ ತೆಗೆದಿಟ್ಟರು. ಅಂಥವು 31. ಅವನ್ನು ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ ಹಾಕಿ ನೇತು ಹಾಕಿದೆವು. ಇಸ್ತ್ರಿಗೆ ಉಳಿದಿದ್ದು 118.

ಉಳಿದ 14 ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಹಾಳೆ, ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ನೀರು ಬಿದ್ದ ಕೂಡಲೇ ಅವು ಮತ್ತೆ ಮಣ್ಣಾಗಿದ್ದವು. ನನ್ನ ಕ್ಲಾಸಿನ ಮಕ್ಕಳದ್ದು. ಪುಂಡಿ ನಾರಿನ ಕುಂಚ ಹಿಡಿಯಲು ಬೆರಳು ಬಗ್ಗುವುದಕ್ಕೇ ಅವರಿಗೆ ಹದಿನೈದು ದಿನ ಹಿಡಿದಿತ್ತು. ಎರಡು ಗಂಟೆ ರಾತ್ರಿ ಇರಬೇಕು, ಆ ಹದಿನಾಲ್ಕನ್ನೂ ತೊಡೆ ಮೇಲೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತೆ. ಸೀರೆಯೆಲ್ಲ ಕೆಂಪಾಯಿತು. ಅಳು ಬಂತು. ಸಣ್ಣ ಅಳು ಅಲ್ಲ. ಕೆಲಸ ಬಿಟ್ಟುಬಿಡಬೇಕು ಅನ್ನಿಸಿತು. ಹಬ್ಬ ರದ್ದು ಮಾಡೋಣ ಅಂತ ಹೆಡ್‌ಮಿಸ್‌ಗೆ ಮೆಸೇಜ್ ಕೂಡ ಟೈಪ್ ಮಾಡಿದ್ದೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಅಣ್ಣ ಹತ್ತಿರ ಬರಲಿಲ್ಲ, ಸಮಾಧಾನ ಹೇಳಲಿಲ್ಲ. ಬೆಂಚಿನ ಹತ್ತಿರದಿಂದಲೇ ಕೂಗಿದರು: "ಮೇಡಂ, ಕೆಂಡ ಆರ್ತಾ ಇದೆ. ಹಾಳೆ ಕೊಡೋರು ಯಾರೂ ಇಲ್ಲ. ಅಳೋದನ್ನ ಬೆಳಿಗ್ಗೆ ಅಳಿ."

ಎದ್ದು ಹೋಗಿ ಹಾಳೆ ಕೊಟ್ಟೆ. ಬೆಳಿಗ್ಗೆ ಅಳಲು ಪುರುಸೊತ್ತು ಸಿಗಲಿಲ್ಲ.

ಅವರು ಚಿತ್ರಗಳನ್ನು ಹೊಗಳುತ್ತಿರಲಿಲ್ಲ. ಆದರೆ ಒಂದೊಂದನ್ನೂ ತಿರುಗಿಸಿ ನೋಡಿಯೇ ಪಕ್ಕಕ್ಕೆ ಇಡುತ್ತಿದ್ದರು. ಒಂದು ಹಾಳೆ ನೋಡಿ ನಿಂತರು. ಆರನೇ ಕ್ಲಾಸಿನ ಹುಡುಗಿ ಬರೆದ ಅಪ್ಪನ ಚಿತ್ರ, ಚೌಕುಳಿ ಶರ್ಟು. "ಇದು ಹೆಂಗಸರ ಶರ್ಟು ಮೇಡಂ. ಗಂಡಸರದ್ದಕ್ಕೆ ಎಡಗಡೆ ಪಟ್ಟಿ ಮೇಲೆ ಬರ್ಬೇಕು. ಇದ್ರಲ್ಲಿ ಬಲಗಡೆದು ಮೇಲಿದೆ." ಇಪ್ಪತ್ತು ವರ್ಷದಿಂದ ಡ್ರಾಯಿಂಗ್ ಹೇಳಿಕೊಡುತ್ತಿದ್ದೇನೆ, ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಶನಿವಾರ ಆ ಹುಡುಗಿಯನ್ನು ಕೇಳಿದೆ. ಅಪ್ಪ ಲಾರಿ ಓಡಿಸುತ್ತಾರಂತೆ, ಮನೆಗೆ ಬರುವುದು ಕಡಿಮೆ. ಅವರು ಕಳಿಸಿದ ಸೆಲ್ಫಿ ನೋಡಿಕೊಂಡು ಬರೆದಿದ್ದಾಳೆ. ಕೆಲವು ಫೋನಿನಲ್ಲಿ ಸೆಲ್ಫಿ ಕನ್ನಡಿಯ ಹಾಗೆ ಉಲ್ಟಾ ಬರುತ್ತಲ್ಲ, ಅವಳು ಕಂಡಿದ್ದನ್ನು ಕಂಡ ಹಾಗೇ ಬರೆದಿದ್ದಳು. ಅಣ್ಣನಿಗೆ ಹೇಳಿದೆ. ಸ್ವಲ್ಪ ಯೋಚನೆ ಮಾಡಿ, "ಹಂಗಾದ್ರೆ ಸರಿ ಐತೆ" ಅಂದರು.

ಬೆಳಗಾಗುವ ಹೊತ್ತಿಗೆ 118 ಮುಗಿದಿತ್ತು. ಕೆಲವು ಹಾಳೆಗಳ ಅಂಚು ಸೊಟ್ಟಗಿತ್ತು, ಕೆಲವದರಲ್ಲಿ ಆಕಾಶದ ನೀಲಿ ಮರದೊಳಗೆ ಇಳಿದಿತ್ತು. ಬರೆದ ಮಕ್ಕಳಿಗಿಂತ ಅವರ ಅಪ್ಪ ಅಮ್ಮನಿಗೇ ಬೇಜಾರು ಜಾಸ್ತಿ ಆಯಿತು. ತೊಗಲು ಗೊಂಬೆಯ ತಂಡದವರು ಮಾತ್ರ ನಗುತ್ತಾ ಓಡಾಡುತ್ತಿದ್ದರು. ಚರ್ಮ ಎಲ್ಲಿ ತರೋದು ಅಂತ ಅವರು ದಪ್ಪ ಹಾಳೆಗೇ ಕೊಬ್ಬರಿ ಎಣ್ಣೆ ಸವರಿ, ಬೆಳಕು ಹಾಯುವ ಹಾಗೆ ಮಾಡಿಕೊಂಡಿದ್ದರು. ಎಣ್ಣೆ ಕುಡಿದ ಹಾಳೆಗೆ ನೀರು ಹತ್ತಿರಲಿಲ್ಲ, ಒರೆಸಿಟ್ಟರೆ ಆಯಿತು. ತಮಟೆ ಮಕ್ಕಳ ಕಥೆ ಬೇರೆ. ತಂಡಿಗೆ ಚರ್ಮ ಸಡಿಲಾಗಿ, ಬಡಿದರೆ ಡಬ್ಬ ಬಡಿದ ಹಾಗಿತ್ತು. ಇಸ್ತ್ರಿ ಪೆಟ್ಟಿಗೆಯಿಂದ ಸುರಿದಿದ್ದ ಕೆಂಡದ ಸುತ್ತ ಕೂತು ಕಾಯಿಸಿಕೊಂಡರು. ಜಗಳ ಆಡುತ್ತಿದ್ದ ಅದೇ ತಂಡ. ಆರೂ ಮುಕ್ಕಾಲಿಗೆ ಮೊದಲ ಪೆಟ್ಟು ಬಿದ್ದಾಗ ಎದುರುಮನೆ ಅಜ್ಜಿ ಕಿಟಕಿ ತೆಗೆದು ಬೈದರು. ಅಜ್ಜಿ, ನಿಮಗೂ ನಮಸ್ಕಾರ, ಸಂಜೆ ನೀವೇ ಮುಂದಿನ ಸಾಲಿನಲ್ಲಿ ಕೂತಿದ್ದಿರಿ.

ಹೋದ ಹದಿನಾಲ್ಕಕ್ಕೆ ಏನು ಮಾಡೋದು ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಮಕ್ಕಳೇ ಕೇಳಿದರು: "ಗೋಡೆ ಮೇಲೇ ಬರೀಬಹುದಾ ಮಿಸ್?" ಮಲೆನಾಡಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುತ್ತಿದ್ದುದೇ ಮನೆ ಗೋಡೆ ಮೇಲೆ. ಅದನ್ನು ಹಾಳೆಗೆ ಎಳೆದು ತಂದಿದ್ದು ನಾನು. ಹೆಡ್‌ಮಿಸ್ ಎರಡು ನಿಮಿಷ ಸುಮ್ಮನಿದ್ದು, ಆಯಿತು ಅಂದರು. ವರಾಂಡದ ಗೋಡೆ ಈಗ ಅರ್ಧ ಕೆಂಪಾಗಿದೆ. ಬಂದವರು ನೋಡಿ ಹೋಗಿ.

ಸೋಮವಾರ ಬೆಳಿಗ್ಗೆ ಅಣ್ಣನ ಗಾಡಿಯ ಹತ್ತಿರ ಹೋದೆ. ನಿಮ್ಮ ಹೆಸರು ಓದಲಿಲ್ಲ, ತಪ್ಪಾಯಿತು ಅಂದೆ. "ಒಳ್ಳೇದಾಯ್ತು ಬಿಡಿ. ಓದಿದ್ರೆ ಎದ್ದು ನಿಲ್ಬೇಕಾಗಿತ್ತು, ಮಗು ಎದ್ದುಬಿಡೋದು." ಇದನ್ನು ಬರೆಯುತ್ತೇನೆ ಅಂದಾಗಲೂ ಹೆಸರು ಹಾಕಬೇಡಿ ಅಂದರು. ಹಾಕಿದರೆ ಮುಂದಿನ ಮಳೆಗೆ ಬೇರೆ ಶಾಲೆಯವರೂ ಒದ್ದೆ ಹಾಳೆ ಹಿಡಿದು ಬರುತ್ತಾರಂತೆ. ಹಾಗಾಗಿ ಹೆಸರು ಹಾಕಿಲ್ಲ. ನಮ್ಮ ಬೀದಿಯವರಿಗೆ ಬೇಕಾಗಿಯೂ ಇಲ್ಲ.

ಕವರಿನಲ್ಲಿ 2,000 ರೂಪಾಯಿ ಇಟ್ಟು ಕೊಟ್ಟಿದ್ದೆ. ಅಲ್ಲೇ ಕವರ್ ಹರಿದರು. ಜೇಬಿನಿಂದ ಚೀಟಿ ತೆಗೆದರು. ಪಂಚೆ 24, ಲಂಗ 22, ಒಂದಕ್ಕೆ 8 ರೂಪಾಯಿ, ಒಟ್ಟು 368. ಅಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ನನ್ನ ಕೈಗೆ ಎಣಿಸಿ ಹಾಕಿದರು, ಎರಡು ರೂಪಾಯಿ ನಾಣ್ಯದ ಸಮೇತ. ಚಿತ್ರದ ದುಡ್ಡು ಅಂದೆ. "ಅದಕ್ಕೆ ನನ್ನತ್ರ ರೇಟ್ ಇಲ್ಲ" ಅಂದರು. ಇದ್ದಿಲಿನ ದುಡ್ಡಾದರೂ ತೆಗೆದುಕೊಳ್ಳಿ ಅಂದೆ. ಆ ಹೊತ್ತಿಗೆ ಯಾರೋ ಬಟ್ಟೆ ತಂದರು, ನನ್ನ ಕಡೆ ತಿರುಗಲೂ ಇಲ್ಲ.

ಕೊನೆಗೊಂದು ವಿಷಯ, ಅವರೇ ಹೇಳಿ ಕಳಿಸಿದ್ದು. ಚೀಟಿಯ ಲೆಕ್ಕಕ್ಕೆ ಸೇರದ ಒಂದು ಪಂಚೆ ಇನ್ನೂ ಅವರ ಗಾಡಿಯಲ್ಲೇ ಇದೆ. ಸಣ್ಣ ಅಳತೆ, ಹಸಿರು ಅಂಚು, ಮೂಲೆಯಲ್ಲಿ ಕೆಮ್ಮಣ್ಣಿನ ಕಲೆ. ಯಾರ ಮಗುವಿನದೋ ಅವರು ಹೋಗಿ ತೆಗೆದುಕೊಳ್ಳಿ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಊಟಕ್ಕೆ ಹೋಗಿರುತ್ತಾರೆ.