ಹಾಡಲ್ಲಿ ಹೇಳಿದ ಸತ್ಯ ಕ್ಲೈಮ್ಯಾಕ್ಸಲ್ಲಿ ಎಲ್ಲಿಗೆ ಹೋಯ್ತು?

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಬೇಸಿಗೆ ರಜಕ್ಕೆ ಮಕ್ಕಳ ಜೊತೆ ಕೂತು ನೋಡೋ ಸಿನಿಮಾಗಳು ಅಂತ ಒಂದು ಪಟ್ಟಿ ಹಾಕಿದ್ರಿ. ಅದರಲ್ಲಿ ಡಿಸ್ನಿಯವರ 'ಎನ್‌ಕಾಂಟೊ' ಬಗ್ಗೆ ಎರಡೇ ಸಾಲು, ಹಾಡು ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ಮನೆಮಂದಿಯೆಲ್ಲ ನೋಡಬಹುದು ಅಂತ. ಆ ಮಾತು ನಂಬಿ ನಾವು ಮನೆಮಂದಿಯೆಲ್ಲ ಕೂತೇ ನೋಡಿದ್ವಿ, ನಾನು, ನಮ್ಮೆಜಮಾನ್ರು, ನಮ್ಮತ್ತೆ, 11 ವರ್ಷದ ಮಗಳು, 6 ವರ್ಷದ ಮಗ. ನೋಡಿ ನಾಲ್ಕು ದಿನ ಆಯ್ತು, ಮನೇಲಿ ಇನ್ನೂ ಅದರ ಮಾತೇ ನಡೀತಿದೆ. ಇದು ಎರಡು ಸಾಲಲ್ಲಿ ಮುಗಿಸೋ ಸಿನಿಮಾ ಅಲ್ಲ ಅನ್ನಿಸಿ ಬರೀತಿದೀನಿ.

ನೋಡದೇ ಇರೋರಿಗೆ ಕಥೆ ಸ್ವಲ್ಪ ಹೇಳ್ತೀನಿ. ಕೊಲಂಬಿಯಾ ದೇಶದ ಬೆಟ್ಟಗಳ ಮಧ್ಯೆ ಮಾದ್ರಿಗಲ್ ಅನ್ನೋ ಒಂದು ಕೂಡು ಕುಟುಂಬ, ಒಟ್ಟು 12 ಜನ, ಎಲ್ಲಾ ಅಜ್ಜಿ ಆಲ್ಮಾ ಹೇಳಿದಂಗೆ ನಡೆಯೋರು. ಈಯಮ್ಮ ಚಿಕ್ಕ ವಯಸ್ಸಲ್ಲಿ ಮೂರು ಹಸುಗೂಸು ಎತ್ಕೊಂಡು ಊರು ಬಿಟ್ಟು ಓಡಿ ಬರುವಾಗ ಗಂಡನ್ನ ಕಣ್ಣೆದುರೇ ಕೊಂದುಬಿಡ್ತಾರೆ, ಆಗ ಕೈಯಲ್ಲಿದ್ದ ಮೇಣದ ಬತ್ತಿಗೆ ಒಂದು ಶಕ್ತಿ ಬಂದು ಜೀವ ಇರೋ ಮನೆನೇ ಎದ್ದು ನಿಲ್ಲುತ್ತೆ. ಆಮೇಲೆ ಆ ಮನೆ ಮಕ್ಕಳಿಗೆಲ್ಲ 5 ವರ್ಷ ತುಂಬಿದಾಗ ಒಂದೊಂದು ವರ ಸಿಗುತ್ತೆ. ಒಬ್ಬಳಿಗೆ ಆನೆಬಲ, ಒಬ್ಬಳು ಕೈಯಾಡಿಸಿದ ಕಡೆ ಹೂವು, ಇನ್ನೊಬ್ಬಳ ಕೈಯಡುಗೆ ಉಂಡ್ರೆ ಗಾಯನೇ ವಾಸಿ. ಮಿರಾಬೆಲ್ ಅನ್ನೋ ಮೊಮ್ಮಗಳಿಗೆ ಮಾತ್ರ ಏನೂ ಸಿಗಲ್ಲ. ಕತೆ ಅವಳದ್ದೇ.

ಹಾಡೆಲ್ಲ ಬರೆದಿದ್ದು ಲಿನ್-ಮ್ಯಾನ್ಯುಯೆಲ್ ಮಿರಾಂಡಾ. ನಮ್ಮೆಜಮಾನ್ರು ಶುರುನಲ್ಲೇ 'ಏನಿದು ಮಾತಿಗೊಂದು ಹಾಡು' ಅಂತ ಎದ್ದು ಹೋಗೋಕೆ ನೋಡಿದ್ರು, ನಾನು ಕೂರಿಸಿದೆ. ಮಂಡ್ಯದೋರಿಗೆ ಇದು ಹೊಸದಾ ಹೇಳಿ? ಊರೂರಲ್ಲಿ ರಾತ್ರಿಯೆಲ್ಲ ಕುರುಕ್ಷೇತ್ರ ನಾಟಕ ನೋಡಿ ಬೆಳೆದೋರು ನಾವು, ಕರ್ಣನಿಗೆ ದುಃಖ ಆದ್ರೂ ಹಾಡು, ದುರ್ಯೋಧನನಿಗೆ ಸಿಟ್ಟು ಬಂದ್ರೂ ಹಾಡು, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದ್ರೆ ಸಾಕು, ಮಾತಲ್ಲಿ ಹೇಳೋಕೆ ಆಗದ್ದೆಲ್ಲ ಆಚೆ ಬರುತ್ತೆ. ಈ ಸಿನಿಮಾದಲ್ಲೂ ಹಾಡಿನ ಕೆಲಸ ಅದೇ. ಆ ಮನೇಲಿ ಎಲ್ಲರೂ ಅಜ್ಜಿ ಮುಂದೆ ನಗ್ತಾರೆ, ಹಾಡುವಾಗ ಮಾತ್ರ ನಿಜ ಹೇಳ್ತಾರೆ.

ಆನೆಬಲದ ಲೂಯಿಸಾ ಹಾಡನ್ನೇ ತಗೊಳ್ಳಿ. ಕತ್ತೆಗಳನ್ನ ಹೆಗಲ ಮೇಲೆ ಹೊತ್ಕೊಂಡು, ಯಾರು ಏನು ಹೇಳಿದ್ರೂ ಆಯ್ತು ಅಂತ ಮಾಡ್ಕೊಂಡು ಓಡಾಡೋ ಹುಡುಗಿ, ಒಂದು ಸಲ ಬಾಯಿಬಿಟ್ಟು ಹಾಡಿದಾಗ ಗೊತ್ತಾಗುತ್ತೆ, ಹೊರೋದು ನಿಲ್ಲಿಸಿದ್ರೆ ತನಗೆ ಬೆಲೆನೇ ಇರಲ್ಲ ಅಂತ ಅವಳು ಹೆದರಿ ಸಾಯ್ತಿದಾಳೆ ಅಂತ. ನಾನು ನಾಗಮಂಗಲ ಕಡೆ ತುಂಬಿದ ಮನೆಯ ಹಿರಿಮಗಳು. ಬೆಳಗಾಗೆದ್ದು ಕೊಟ್ಟಿಗೆ ಬಾಚಿ, ತಂಗಿಯರಿಗೆ ಜಡೆ ಹಾಕಿ, ಕಣದಲ್ಲಿ ರಾಗಿ ಬಡಿಯೋ ಆಳುಗಳಿಗೆ ಮುದ್ದೆ ಉಪ್ಸಾರು ಹೊತ್ಕೊಂಡು ಹೋಗಿ ಆಮೇಲೆ ಸ್ಕೂಲಿಗೆ ಹೋಗ್ತಿದ್ದೆ, 'ನಮ್ಮ ದೊಡ್ಡೋಳು ಬಲು ಗಟ್ಟಿ' ಅಂತ ಎಲ್ಲರೂ ಹೊಗಳೋರು, ಆ ಹೊಗಳಿಕೆ ಎಷ್ಟು ಭಾರ ಅನ್ನೋದನ್ನ ನನಗೆ ಯಾರ ಹತ್ರನೂ ಹೇಳೋಕೆ ಬರ್ತಿರಲಿಲ್ಲ. 3 ನಿಮಿಷ ಚಿಲ್ರೆ ಉದ್ದದ ಹಾಡು ಅದನ್ನ ಹೇಳಿಬಿಡ್ತು. ಅದಾದ ಮೇಲೆ ಮಗಳು ನನ್ನ ಮುಖ ನೋಡಿ ಏನೂ ಕೇಳದೆ ಹತ್ರ ಬಂದು ಕೂತಳು.

ಇನ್ನು ಬ್ರುನೋ ಹಾಡು. ಅದು 2022ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಅನ್ನೋ ಜನಪ್ರಿಯ ಹಾಡುಗಳ ಪಟ್ಟಿಲಿ 5 ವಾರ ಒಂದನೇ ಸ್ಥಾನದಲ್ಲಿತ್ತು, ಅಷ್ಟು ಜನರ ಬಾಯಲ್ಲಿ ಕೂತಿದ್ದು ಬರೀ ಟ್ಯೂನಿಂದ ಅಲ್ಲ ಅಂತ ನನ್ನ ಅನಿಸಿಕೆ. ಬ್ರುನೋ ಅಂದ್ರೆ ಆಲ್ಮಾಳ ಮಗ, ಮಿರಾಬೆಲ್‌ಗೆ ಮಾವ, ಮುಂದಾಗೋದನ್ನ ಕಾಣೋನು, ಕೆಟ್ಟದ್ದು ನುಡಿದ ಅಂತ ಮನೇಲಿ ಅವನ ಹೆಸರೇ ಎತ್ತಂಗಿಲ್ಲ. ಒಬ್ಬೊಬ್ಬರೂ ತಂತಮ್ಮ ದೂರು ತಂತಮ್ಮ ಧಾಟಿಲಿ ಹಾಡಿ, ಕೊನೆಗೆ ಅಷ್ಟೂ ಧಾಟಿ ಒಂದರ ಮೇಲೊಂದು ಬಿದ್ದು ಗದ್ದಲ ಆಗುತ್ತೆ, ಥೇಟ್ ಹಬ್ಬದ ದಿನ ನೆಂಟರೆಲ್ಲ ಅಡುಗೆಮನೇಲಿ ಸೇರಿದಂಗೆ. ನಮ್ಮ ಚಿಕ್ಕಪ್ಪ ಒಬ್ಬರು ಮೂರು ಬೋರ್ ಕೊರೆಸಿ, ಮೂರರಲ್ಲೂ ನೀರು ಬರದೆ, ಸಾಲ ಮೈಮೇಲೆ ಬಂದು ಊರು ಬಿಟ್ಟು ಹೋದ್ರು. ಆಮೇಲೆ ನಮ್ಮನೇಲಿ ಯಾರೂ ಅವರ ಹೆಸರು ಹೇಳ್ತಿರಲಿಲ್ಲ. ಸಿನಿಮಾದಲ್ಲಿ ಬ್ರುನೋ ನಿಜವಾಗ್ಲೂ ಮನೆ ಬಿಟ್ಟು ಹೋಗೇ ಇರಲ್ಲ, ಗೋಡೆ ಹಿಂದೆ ಬದುಕ್ತಿರ್ತಾನೆ, ಎಲ್ಲರೂ ಉಣ್ಣೋ ಮೇಜಿಗೆ ತಾಗಿದಂಗೆ ಗೋಡೆ ಆ ಕಡೆ ಒಂದು ತಟ್ಟೆ ಬರ್ಕೊಂಡು, ಬಿರುಕಲ್ಲಿ ನೋಡ್ತಾ ಅವರ ಪಂಕ್ತಿಲೇ ಕೂತಿದೀನಿ ಅಂದ್ಕೊಳ್ತಾನೆ. ಆ ತಟ್ಟೆ ಕಂಡಾಗ ನನ್ನ ಗಂಟಲು ಕಟ್ಟಿತು, ಟಿವಿ ನಿಲ್ಲಿಸಿ ಅಂದೆ.

ಇನ್ನೂ ಒಂದೆರಡು ಮೆಚ್ಚುಗೆ ಇದೆ. ಈ ಕತೆಗೆ ವಿಲನ್ ಅಂತ ಯಾರೂ ಇಲ್ಲ, ಮನೆ ಬಿರುಕು ಬಿಡೋದು ಮನೆಯೋರಿಂದಲೇ. ಒಂದೇ ಮನೇಲಿ ಬೆಳ್ಳಗಿರೋರು, ಕಪ್ಪಗಿರೋರು, ಗುಂಗುರು ಕೂದಲಿನೋರು ಎಲ್ಲಾ ಇದಾರೆ, ಅದನ್ನ ಯಾರೂ ಒಂದು ಮಾತಾಗಿ ಆಡಲ್ಲ. ನಮ್ಮ ಮಗಳಿಗೆ ಎರಡನೇ ಕ್ಲಾಸಿಂದ ಕನ್ನಡಕ, ಮಿರಾಬೆಲ್‌ಗೂ ಕನ್ನಡಕ ಇದೆ ಅಂತ ಕುಣಿದಾಡಿದ್ಲು.

ಈಗ ನನ್ನ ತಕರಾರು. ಮೊದಲು ಚಿಕ್ಕವು ಹೇಳಿಬಿಡ್ತೀನಿ. ಮೊದಲನೇ ಹಾಡಲ್ಲೇ ಇಡೀ ವಂಶಾವಳಿ ಸುರಿದುಬಿಡ್ತಾರೆ, ಇಂಗ್ಲಿಷ್ ಅಷ್ಟು ವೇಗದಲ್ಲಿ ಓಡಿದ್ರೆ ನಮ್ಮ ಮಕ್ಕಳಿಗೆ ಎಲ್ಲಿ ಹತ್ತುತ್ತೆ, ಯಾರು ಯಾರ ಮಗಳು ಅಂತ ರಿಮೋಟಲ್ಲಿ ನಿಲ್ಲಿಸಿ ನಿಲ್ಲಿಸಿ ಹೇಳಬೇಕಾಯ್ತು. 12 ಜನರಲ್ಲಿ ಅರ್ಧ ಜನಕ್ಕೆ ಕೆಲಸನೇ ಇಲ್ಲ, ಬೇಕಾದ ರೂಪ ತಾಳೋ ಕಮಿಲೋ ಬರೀ ನಗಿಸೋಕೆ ಬಂದು ಹೋಗ್ತಾನೆ. ಮಿರಾಬೆಲ್‌ಗೆ ಯಾಕೆ ವರ ಸಿಗಲಿಲ್ಲ ಅನ್ನೋದನ್ನ ಬಾಯಿಬಿಟ್ಟು ಹೇಳಲ್ಲ, ಅದು ಇರಲಿ, ಎಲ್ಲಾ ಬಿಡಿಸಿ ಹೇಳಬೇಕಂತಿಲ್ಲ.

ದೊಡ್ಡ ತಪ್ಪು ಕೊನೇಲಿದೆ. ಮನೆ ಬಿದ್ದು, ಬತ್ತಿ ಆರಿ, ಎಲ್ಲರ ಶಕ್ತಿನೂ ಹೋಗಿರುತ್ತೆ. ಊರೋರೆಲ್ಲ ಬಂದು ಕೈ ಜೋಡಿಸಿ ಮನೆ ಕಟ್ತಾರೆ, ನಮ್ಮಲ್ಲಿ ಮುಯ್ಯಾಳು ಅಂತಾರಲ್ಲ ಹಂಗೆ. ಆವಾಗ ಅಜ್ಜಿನೇ ಹಾಡ್ತಾಳೆ, ಪವಾಡ ಅಂದ್ರೆ ನಿಮಗೆ ಸಿಕ್ಕ ವರ ಅಲ್ಲ, ನೀವೇ ಅನ್ನೋ ಅರ್ಥದಲ್ಲಿ. ಲೂಯಿಸಾನೂ ಮೊದಲಿನ ಬಲ ಇಲ್ಲದಿದ್ರೂ ಬುದ್ಧಿ ಬಂತು ಅನ್ನೋ ಥರ ಹಾಡ್ತಾಳೆ. ನಾನು ಅಲ್ಲಿಗೆ ಕೈ ಮುಗಿದಿದ್ದೆ. ಅದಾಗಿ ಸ್ವಲ್ಪ ಹೊತ್ತಿಗೇ ಮಿರಾಬೆಲ್ ಬಾಗಿಲಿಗೆ ಹಿಡಿ ಹಾಕ್ತಾಳೆ, ಮ್ಯಾಜಿಕ್ ಎಲ್ಲಾ ವಾಪಸ್ ಬಂದುಬಿಡುತ್ತೆ! ಬಲ ಇಲ್ಲದ ಲೂಯಿಸಾನ ಮನೆಯೋರು ಹೆಂಗೆ ನೋಡ್ಕೊಳ್ತಾರೆ ಅಂತ ಒಂದು ದಿನ ಆದ್ರೂ ತೋರಿಸಬೇಕಿತ್ತು. ಹಾಡಲ್ಲಿ ಅಷ್ಟು ಕಷ್ಟಪಟ್ಟು ಎತ್ತಿದ ಪ್ರಶ್ನೆಗೆ ಉತ್ತರ ಕೊಡೋ ಟೈಮಲ್ಲಿ ಕಥೆ ಹಿಂದೆ ಸರಿದುಬಿಡ್ತು. ನಮ್ಮ ಚಿಕ್ಕೋನೇ ಕೇಳಿದ, 'ಮ್ಯಾಜಿಕ್ ಬರದೇ ಇದ್ದಿದ್ರೆ ಅಜ್ಜಿ ಮತ್ತೆ ಬೈತಿದ್ರಾ ಅಮ್ಮ' ಅಂತ. 6 ವರ್ಷದ ಮಗುಗೆ ಹೊಳೆದಿದ್ದು ಅಷ್ಟು ದೊಡ್ಡ ಸ್ಟುಡಿಯೋದೋರಿಗೆ ಹೊಳೆಯಲಿಲ್ವಾ ಅನ್ನಿಸ್ತು.

ಅಜ್ಜಿನ ಕ್ಷಮಿಸೋದೂ ಅಷ್ಟೇ ಆತುರ. 10 ವರ್ಷ ಗೋಡೆ ಹಿಂದೆ ಇದ್ದ ಮಗ ಎದುರಿಗೆ ಬಂದು ನಿಂತ್ರೆ ಒಂದು ಅಪ್ಪುಗೆಲಿ ಮುಗಿಯುತ್ತಾ? ಇದನ್ನ ನಾನು ಅಂದಾಗ ನಮ್ಮತ್ತೆ ನನ್ನ ಮಾತು ಒಪ್ಪಲಿಲ್ಲ. 'ಆವಮ್ಮ ಗಂಡನ್ನ ಕಳ್ಕಂಡು ಮೂರ್ ಕೂಸ ಕಟ್ಕಂಡು ಮನೆ ನಿಲ್ಸವ್ಳೆ, ಬತ್ತಿ ಆರೋದ್ರೆ ಎಲ್ಲಿ ಎಲ್ಲಾ ವೋಯ್ತದೋ ಅಂತ ಜೀವ್ಮಾನೆಲ್ಲ ಎದ್ರುಕೊಂಡವ್ಳೆ, ನಿಮ್ಗೇನವ್ವ ಗೊತ್ತು' ಅಂದ್ರು. ಅವರೂ 29ನೇ ವಯಸ್ಸಿಗೇ ಗಂಡನ್ನ ಕಳ್ಕೊಂಡು ಮೂರು ಮಕ್ಕಳನ್ನ ಸಾಕಿದೋರು. ಅವರ ಮಾತು ಕೇಳಿದ ಮೇಲೆ ನನಗೆ ಇನ್ನೊಂದು ಕೊರತೆ ಕಾಣಿಸ್ತು. ಆಲ್ಮಾಳ ಕಷ್ಟವನ್ನ ಕೊನೆಗೆ ಒಂದು ಹಾಡಿನ ಉದ್ದಕ್ಕೆ ತೋರಿಸಿ ಬಿಟ್ಟಿದಾರೆ, ಅಟ್ಟಿಸಿಕೊಂಡು ಬಂದೋರು ಯಾರು, ಯಾಕೆ ಬಂದ್ರು ಅಂತ ಒಂದು ಮಾತೂ ಇಲ್ಲ. ಅವಳ ಭಯ ನಮಗೆ ಮೊದಲೇ ತಿಳಿದಿದ್ರೆ ಅವಳ ಮೇಲೆ ಸಿಟ್ಟೂ ಬರ್ತಿತ್ತು, ಕರುಳೂ ಚುರುಕ್ ಅಂತಿತ್ತು, ಕ್ಷಮೆಗೂ ತೂಕ ಇರ್ತಿತ್ತು.

ಆದ್ರೆ ಆ ಒಂದು ಹಾಡಿದೆಯಲ್ಲ, ಎರಡು ಕಂಬಳಿಹುಳ ಒಂದನ್ನೊಂದು ಬಿಟ್ಟು ಚಿಟ್ಟೆ ಆಗೋ ಹಾಡು, ಅದನ್ನ ಇಂಗ್ಲಿಷ್ ಸಿನಿಮಾ ಆದ್ರೂ ಸ್ಪ್ಯಾನಿಷ್ ಭಾಷೇಲೇ ಇಟ್ಟಿದಾರೆ. ಒಂದು ಪದನೂ ನಮಗ್ಯಾರಿಗೂ ಅರ್ಥ ಆಗಲಿಲ್ಲ, ಅತ್ತೆ ಸೆರಗಲ್ಲಿ ಕಣ್ಣು ಒರೆಸಿಕೊಂಡ್ರು. ಅವರ ನೆಲದ ಕತೆಗೆ ಅವರ ಭಾಷೆ ಬಿಟ್ಟುಕೊಡದೆ ಇದ್ದಿದ್ದಕ್ಕೆ ಸಿನಿಮಾ ಮಾಡಿದೋರಿಗೆ ನಾನು ನಿಜವಾಗ್ಲೂ ಋಣಿ.

ಸಂಪಾದಕರೇ, ಸ್ಟಾರ್ ಸಿನಿಮಾಗೆ ಅರ್ಧ ಪುಟ ವಿಮರ್ಶೆ ಹಾಕ್ತೀರಿ, ಮಕ್ಕಳ ಸಿನಿಮಾಗೂ ಅಷ್ಟೇ ಜಾಗ ಕೊಡಿ. ಮುಂದಿನ ಸಲ ಪಟ್ಟಿ ಹಾಕುವಾಗ ಯಾವ ಭಾಷೇಲಿ ಸಿಗುತ್ತೆ, ಎಷ್ಟು ವಯಸ್ಸಿನೋರಿಗೆ, ಎಲ್ಲಿ ಚಿಕ್ಕ ಮಕ್ಕಳು ಹೆದರಬಹುದು ಅಂತ ದಯವಿಟ್ಟು ಬರೀರಿ. ನಮ್ಮ ಮಗ ಹೊಳೆ ದಂಡೇಲಿ ಅಜ್ಜನ್ನ ಕೊಲ್ಲೋ ಸೀನ್ ನೋಡಿ ಅವತ್ತು ರಾತ್ರಿ ಅಜ್ಜಿ ಮಗ್ಗುಲಲ್ಲೇ ಮಲಗಿದ.

ಇಂತಿ,
ನಿಮ್ಮ ಹಳೇ ಓದುಗಿ,
ಮಂಡ್ಯ